ಬಾಗಿಲು, ತೇಗದ್ದು, ಇಪ್ಪತ್ತೆರಡು

ಟೇಪಿನ ಆ ತುದಿ ಸಾಬ್ಜಾನನ ಕೈಯಲ್ಲಿ, ಈ ತುದಿ ನನ್ನ ಕೈಯಲ್ಲಿ.
ಏಪ್ರಿಲ್ ಬಿಸಿಲು. ಹೊಳೆಹೊನ್ನೂರು ರಸ್ತೆಯ ಧೂಳು
ಹಲ್ಲಿಗೆ ಕರುಂ ಎನ್ನುತ್ತದೆ.
ಕೆಡವುವ ಮೊದಲು ಬೆಲೆ ಕಟ್ಟಬೇಕು, ಇಲಾಖೆಯ ನಿಯಮ.
‘ಇರುವಾಗ ಇಲ್ಲದ ಬೆಲೆ, ಹೋಗುವಾಗ’
ಸಾಬ್ಜಾನ್ ನಗುತ್ತಾನೆ.

ಗೋಡೆ ಎರಡಡಿ ಮೂರಿಂಚು, ಜಂಬಿಟ್ಟಿಗೆ.
ಗಾರೆಗೆ ಬೆಲ್ಲ ಹಾಕಿದ್ದರಂತೆ, ಬೇಲದ ಹಣ್ಣು ಹಾಕಿದ್ದರಂತೆ;
ಇರುವೆಗಳು ಅದನ್ನೇ ನಂಬಿ ಇನ್ನೂ ಸಾಲು ಹಚ್ಚಿವೆ.
ವಾರ್ಡಿಗೊಂದು ಬೆಂಕಿಗೂಡು, ಮೇಲೆ ಚಿಮಣಿ.
ಶಿವಮೊಗ್ಗೆಯಲ್ಲಿ!
ನಕ್ಷೆ ಬರೆದವನು ಕೂತದ್ದು ಹಿಮ ಬೀಳುವ ಊರಲ್ಲಿ,
ರಾಣಿಯ ಮುಖದ ನಾಣ್ಯ ಎಣಿಸಿ ಸಂಬಳ ಪಡೆದವನು;
ಹುಚ್ಚಿಗೆ ಚಳಿಯಾಗುತ್ತದೆ, ಅಷ್ಟು ಅವನಿಗೆ ಗೊತ್ತಿತ್ತು.
ನೂರ ಮೂವತ್ತು ವರ್ಷ. ಒಂದು ಕೊಳ್ಳಿ ಉರಿದ ಮಸಿಯಿಲ್ಲ.
ಗೂಡಿನೊಳಗೆ ತುಡುವೆ ಜೇನು, ತನ್ನಷ್ಟಕ್ಕೆ ಗುಂಯ್.

ಕಿಟಕಿ ನೆಲದಿಂದ ಏಳಡಿ.
ಬೆಳಕು ಬರಬೇಕು, ಹೊಳೆ ಕಾಣಬಾರದು.
ತುಂಗೆ ಇರುವುದು ಕಲ್ಲೆಸೆತದ ದೂರದಲ್ಲಿ.
ಇಲ್ಲಿದ್ದವರಿಗೆ ಅವಳು ಬರೀ ಸದ್ದು:
ಬಂಡೆಗೆ ಬಡಿದ ಬಟ್ಟೆ, ಒಗೆಯುವವರ ಬೈಗುಳ,
ಮುಳುಗೆದ್ದ ಎಮ್ಮೆಯ ಉಸಿರು.

ಬೀರುವಿನಲ್ಲಿ ಗೆದ್ದಲು ಬಿಟ್ಟ ಹನ್ನೊಂದು ಹಾಳೆ.
ಚಂದದ ಕೈಬರಹ, ಅಕ್ಷರಕ್ಕೆಲ್ಲ ಬಾಲ.
   ಹಾರನಹಳ್ಳಿ ಸಿದ್ದವ್ವ. ಹತ್ತಿ ಹಿಂಜುವವಳು.
   ಗಂಡನ ಹೆಸರು ಕೇಳಿದರೆ ಊರ ನಾಯಿಗಳ ಹೆಸರೆಲ್ಲ ಹೇಳುತ್ತಾಳೆ.
   ಸೈಯದ್ ಬುಡನ್. ಬಂಡಿಯವನು.
   ಎತ್ತು ಮಾರಿ ವರ್ಷವಾದರೂ ಸರಿರಾತ್ರಿ ಎದ್ದು ಹುಲ್ಲು ಹಾಕುತ್ತಾನೆ.
   ಹೆಸರು ತಿಳಿಯದು. ಹೆಂಗಸು. ಸೇತುವೆ ಕೆಳಗೆ ಸಿಕ್ಕಳು. ನಗುತ್ತಾಳೆ.
ಮೂವರಿಗೂ ಮದ್ದು ಒಂದೇ: ತಣ್ಣೀರು, ರಾಗಿ ಬೀಸುವುದು.
ಬುಡನ್ ಎದುರು ಕೆಂಪು ಶಾಯಿಯಲ್ಲಿ ‘ಗುಣವಾಯಿತು’.
ಅಂದರೆ ಹುಲ್ಲು ಹಾಕುವುದನ್ನು ಬಿಟ್ಟ.

ಆಮೇಲೆ ಪ್ಲೇಗು ಬಂತು. ಇದ್ದವರನ್ನು ಬಂಡಿಯಲ್ಲಿ ಸಾಗಿಸಿ
ಗಡ್ಡೆ ಎದ್ದವರನ್ನು ತುಂಬಿದರು.
ಪ್ಲೇಗು ಹೋಗಿ ಗಂಧ ಬಂತು, ಕಳ್ಳರಿಂದ ಹಿಡಿದ ಕೊರಡು,
ಕೋಣೆಗೊಂದು ನಂಬರು. ಆಗ ಸಾಬ್ಜಾನನ ಅಪ್ಪ ಕಾವಲು.
‘ಮನೆಗೆ ಬಂದ್ರೆ ಮೈಯೆಲ್ಲ ಘಮಘಮ,
ಎಲ್ಲಿಗ್ ಹೋಗಿದ್ದೆ ಅಂತ ಅಮ್ಮನ ಜಗಳ.’
ಮೊನ್ನೆ ಮೊನ್ನೆಯವರೆಗೂ ಮತಪೆಟ್ಟಿಗೆ.
ಪ್ರತಿ ಸಲ ಬೀಗ ಬದಲಾಗಿದೆ.
ಚಿಲಕ ಅದೇ, ಹೊರಗಿನದು.

ಒಂಬತ್ತನೇ ಕೋಣೆ. ಬಾಗಿಲು ಒಳಕ್ಕೆ ತೆರೆಯುತ್ತದೆ,
ಅದರ ಹಿಂದಿನ ಗೋಡೆ ಅಳೆಯಲು ಮುಚ್ಚಲೇಬೇಕು.
‘ಎಳಕೋ’ ಎಂದೆ. ಹೊರಗೆ ನಿಂತ ಸಾಬ್ಜಾನ್ ಕೈ ಹಿಂದಕ್ಕೆ ಕಟ್ಟಿಕೊಂಡ.
‘ನಾನು ಹಾಕಲ್ಲ ಮೇಡಂ. ಅಂದಾಜಲ್ಲಿ ಬರ್ಕೊಳ್ಳಿ.’
ನಾನೇ ಒಳಗಿಂದ ತಳ್ಳಿದೆ.

ಒಳಮೈಯಲ್ಲಿ ಗೀರು. ಉಗುರಿನದೋ, ತಟ್ಟೆಯ ಅಂಚಿನದೋ.
ಒತ್ತೊತ್ತಾಗಿ, ಮಳೆ ನಿಂತ ಗದ್ದೆಯ ಸಾಲಿನಂತೆ.
ಅಭ್ಯಾಸಬಲದಿಂದ ಟೇಪು ಹಿಡಿದೆ: ನೆಲದಿಂದ ಎರಡಡಿ ಹತ್ತಿಂಚು.
ನಿಂತವರ ಕೈಯಲ್ಲ. ಕೂತು ಕೆರೆದದ್ದು.
ಇಲ್ಲವೇ ಮಗು.
ಹನ್ನೊಂದು ಹಾಳೆಯಲ್ಲಿ ಮಗುವಿಲ್ಲ.
ಗೆದ್ದಲಿನ ಹೊಟ್ಟೆಗೆ ಹೋದದ್ದರಲ್ಲಿ ಏನಿತ್ತೋ.

ಕಟ್ಟಡದ ಬೆಲೆ, ಸವಕಳಿ ಕಳೆದು, ಸೊನ್ನೆ.
ಬಾಗಿಲು, ತೇಗದ್ದು, ಇಪ್ಪತ್ತೆರಡು: ಅದಕ್ಕೆ ಕಿಮ್ಮತ್ತಿದೆ,
ಹರಾಜಿನಲ್ಲಿ ಕೈ ಮೇಲೆ ಕೈ ಏಳುತ್ತದೆ.
ಗೋಪಾಳದಲ್ಲೋ ವಿನೋಬನಗರದಲ್ಲೋ ಮನೆ ಕಟ್ಟಿಸುವವರು
ಹಳೇ ತೇಗ, ಇಂಥದ್ದು ಈಗ ಎಲ್ಲಿ ಎಂದು ಹಿಗ್ಗಿ ಒಯ್ಯುತ್ತಾರೆ.
ಬಡಗಿ ನಿಲ್ಲಿಸಿ ನೋಡುತ್ತಾನೆ.
ಚಿಲಕ ಮನೆಯೊಳಗೆ ಬರಬೇಕಲ್ಲ?
ತಿರುಗಿಸಿ ಕೂರಿಸುತ್ತಾನೆ.

ಗೀರಿನ ಮೈ ಬೀದಿಗೆ.
ಎಷ್ಟು ಪಾಲಿಶ್ ಹೊಡೆದರೂ ಬೆರಳಿಗೆ ಹತ್ತುತ್ತದೆ.
ಹಾಲಿನ ಹುಡುಗ, ಗ್ಯಾಸಿನವನು, ಕುಂಕುಮಕ್ಕೆ ಕರೆಯಲು ಬಂದಾಕೆ,
ಎಲ್ಲರೂ ಅಲ್ಲೇ ತಟ್ಟುತ್ತಾರೆ,
ಆ ಬದಿಯಲ್ಲೇ.

ಒಳಗಿನಿಂದ ಯಾರೋ ಕೈ ಒರೆಸಿಕೊಳ್ಳುತ್ತ
‘ಬಂದೆ, ಇಗೋ ತೆಗೆದೆ’ ಎನ್ನುತ್ತಾರೆ.